ಕೌಡೂರಿನ ಹೆಗ್ಡೆ, ದೇವನಹಳ್ಳಿಯ ತಗಡಿನ ಪೆಟ್ಟಿಗೆ

ದೇವನಹಳ್ಳಿ ಕೋಟೆಯೊಳಗಿನ ಹಳೆಯ ಮನೆ. ನಿವೃತ್ತ ವಕೀಲರೊಬ್ಬರು ಚಕ್ಕೋತದ ತೊಳೆ ಬಿಡಿಸಿಕೊಡುತ್ತಲೇ ತಗಡಿನ ಪೆಟ್ಟಿಗೆಯೊಂದನ್ನು ನನ್ನತ್ತ ಸರಿಸಿದರು. ಒಳಗೆ 1973ರ ಏಪ್ರಿಲ್ ಕೊನೆಯ ಪತ್ರಿಕೆಗಳ ತುಣುಕುಗಳು. ಗುಂಡುಸೂಜಿಯ ತುಕ್ಕು ಕಾಗದಕ್ಕಿಳಿದು ಕಂದು ಚುಕ್ಕೆಯಾಗಿತ್ತು. ‘ರಾಜೀನಾಮೆ’ ಎಂಬ ಪದದ ಕೆಳಗೆ ಕೆಂಪು ಪೆನ್ಸಿಲಿನ ಗೆರೆ. “ಇದನ್ನ ಗಟ್ಟಿಯಾಗಿ ಓದಪ್ಪ” ಅಂದರು. ಓದಿದೆ. ಅಂದಿನಿಂದ, ಆ ರಾಜೀನಾಮೆ ಕೊಟ್ಟ ನ್ಯಾಯಮೂರ್ತಿ, ಒಂದು ಕಾಲದ ರಾಜಕಾರಣಿ ಕೆ.ಎಸ್. ಹೆಗ್ಡೆ ನನ್ನ ತಲೆಯಲ್ಲೇ ಕೂತುಬಿಟ್ಟಿದ್ದಾರೆ.

ರಾಜಕಾರಣಿ ನ್ಯಾಯಪೀಠ ಏರುವುದು ಅಮೆರಿಕದವರಿಗೆ ಹೊಸದಲ್ಲ. ಕ್ಯಾಲಿಫೋರ್ನಿಯಾದ ಗವರ್ನರ್ ಅರ್ಲ್ ವಾರೆನ್ 1953ರಲ್ಲಿ ಆ ದೇಶದ ಮುಖ್ಯ ನ್ಯಾಯಮೂರ್ತಿಯಾದರು. ಅಲ್ಲಿನ ಹಲವು ರಾಜ್ಯಗಳಲ್ಲಿ ಜಡ್ಜ್‌ಗಳೇ ಚುನಾವಣೆಗೆ ನಿಲ್ಲುತ್ತಾರೆ. ನನಗೆ ಮಾತ್ರ ರಾಜಕಾರಣಿಯನ್ನು ಜಡ್ಜ್ ಮಾಡುವ ಪದ್ಧತಿಯ ಮೇಲೆ ಎಂದೂ ನಂಬಿಕೆಯಿರಲಿಲ್ಲ. ಪಕ್ಷದ ಋಣ ಅಷ್ಟು ಸುಲಭಕ್ಕೆ ತೀರುತ್ತದೆಯೇ?

ಹೆಗ್ಡೆ ಆ ಅನುಮಾನವನ್ನು ಅಲುಗಾಡಿಸಿದರು. ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ 1909ರಲ್ಲಿ ಜನನ. ವಕೀಲಿ, 1952ರಲ್ಲಿ ಕಾಂಗ್ರೆಸ್ಸಿನಿಂದ ರಾಜ್ಯಸಭೆ. 1957ರಲ್ಲಿ ಅದನ್ನು ಬಿಟ್ಟು ಮೈಸೂರು ಹೈಕೋರ್ಟ್ ನ್ಯಾಯಮೂರ್ತಿ. 1966ರಲ್ಲಿ ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿ, ಮರುವರ್ಷ ಸುಪ್ರೀಂ ಕೋರ್ಟ್.

ಆಮೇಲಿನದೇ ಕೇಶವಾನಂದ ಭಾರತಿ ಪ್ರಕರಣ. ನನ್ನನ್ನು ಬಿಡದೆ ಕಾಡುವುದು ಅದರ ಭೂಗೋಳ. ಕೇರಳದ ಭೂಸುಧಾರಣೆ ಕಾಯ್ದೆಯನ್ನು ಪ್ರಶ್ನಿಸಿದ ಈ ಕೇಶವಾನಂದ ಭಾರತಿ ಸ್ವಾಮಿಗಳು ಕಾಸರಗೋಡಿನ ಎಡನೀರು ಮಠದವರು. 1956ರ ನವೆಂಬರ್ 1ಕ್ಕೆ ಮೊದಲು ಎಡನೀರು, ಕೌಡೂರು ಎರಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯವು! ನಡುವೆ ರಾಜ್ಯದ ಗಡಿ ಬಿತ್ತು. ಆದರೂ ಒಂದೇ ಸೀಮೆಯ ಇಬ್ಬರು, ಒಬ್ಬರು ಅರ್ಜಿದಾರರಾಗಿ, ಇನ್ನೊಬ್ಬರು ಹದಿಮೂರು ನ್ಯಾಯಮೂರ್ತಿಗಳಲ್ಲಿ ಒಬ್ಬರಾಗಿ, ದೆಹಲಿಯಲ್ಲಿ ಒಂದೇ ಮೊಕದ್ದಮೆಗೆ ಸೇರಿದರು. ವಾದ 68 ದಿನ ನಡೆಯಿತು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂದ ಏಳು ಮಂದಿಯಲ್ಲಿ ಹೆಗ್ಡೆಯೂ ಇದ್ದರು. ಉಳಿದ ಆರು ಮಂದಿ ಒಪ್ಪಲಿಲ್ಲ. ತಾವು ಒಮ್ಮೆ ಸದಸ್ಯರಾಗಿದ್ದ ಸಂಸತ್ತಿಗೇ ಹೆಗ್ಡೆ ಮಿತಿ ಹಾಕಿದ್ದರು.

ತೀರ್ಪು ಬಂದದ್ದು 1973ರ ಏಪ್ರಿಲ್ 24ಕ್ಕೆ. ಒಡನೆಯೇ ಸರ್ಕಾರ ಶೇಲತ್, ಹೆಗ್ಡೆ, ಗ್ರೋವರ್ ಮೂವರ ಹಿರಿತನವನ್ನು ಬದಿಗೊತ್ತಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿಸಿತು. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆ 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಜನತಾ ಪಕ್ಷದ ಸಂಸದರಾಗಿ ಗೆದ್ದು, ಲೋಕಸಭೆಯ ಸ್ಪೀಕರ್ ಕೂಡ ಆದರು. 1990ರಲ್ಲಿ ತೀರಿಕೊಂಡರು.

“ಮತ್ತೆ ರಾಜಕೀಯಕ್ಕೆ ಹೋಗಬಾರದಿತ್ತು ಅಲ್ಲವೇ?” ಎಂದು ಕೇಳಿದೆ. ವಕೀಲರು ತುಣುಕನ್ನು ಹಳೆಯ ಮಡಿಕೆಯಲ್ಲೇ ಮಡಿಸಿದರು. “ಕುರ್ಚಿಗೋಸ್ಕರ ತೀರ್ಪು ಬರೀಲಿಲ್ಲವಲ್ಲಪ್ಪ. ನನಗೆ ಅಷ್ಟು ಸಾಕು.”

ನನಗೂ ಸಾಕು.