ಕೆಲಸವಿಲ್ಲದ ವರ್ಧಕ

ಮೈಕ್ರೊಫೋನಿನಿಂದ ಹೊರಡುವ ವಿದ್ಯುತ್ ಸಂಕೇತವು ಅತಿ ದುರ್ಬಲವಾದುದು. ಸಾಮಾನ್ಯವಾಗಿ ಕೆಲವೇ ಮಿಲಿವೋಲ್ಟುಗಳಷ್ಟು. ಇದನ್ನು ಹಿಗ್ಗಿಸುವ ಮಂಡಲಗಳಲ್ಲಿ ಆಪರೇಷನಲ್ ಆಂಪ್ಲಿಫೈಯರ್, ಸಂಕ್ಷೇಪವಾಗಿ ಆಪ್-ಆಂಪ್, ಎಂಬ ವರ್ಧಕಕ್ಕೆ ಮುಖ್ಯ ಸ್ಥಾನವುಂಟು. ಒಂದೇ ಐ.ಸಿ.ಯೊಳಗೆ ಇಂತಹ ಹಲವು ವರ್ಧಕಗಳನ್ನು ಅಡಗಿಸುವುದು ವಾಡಿಕೆ. ಟಿಎಲ್ 072ರಲ್ಲಿ ಎರಡು, ಟಿಎಲ್ 074ರಲ್ಲಿ ನಾಲ್ಕು. ನಮ್ಮ ಮಂಡಲಕ್ಕೆ ಮೂರೇ ಸಾಕಾದರೆ ನಾಲ್ಕನೆಯದನ್ನು ಏನು ಮಾಡತಕ್ಕದ್ದು?

ಅದರ ಕಾಲುಗಳನ್ನು ಹಾಗೆಯೇ ಬಿಟ್ಟುಬಿಡೋಣವೆಂದು ತೋರುವುದು ಸಹಜ. ನಮಗೂ ಒಮ್ಮೆ ಹಾಗೆಯೇ ತೋರಿತ್ತು. ವಿದ್ಯಾರ್ಥಿಗಳೊಡನೆ ಪ್ರಯೋಗಶಾಲೆಯಲ್ಲಿ ನಾವು ಕಟ್ಟಿದ ವರ್ಧಕವು, ಅದರ ಬಳಿ ಕೈಯೊಯ್ದಾಗಲೆಲ್ಲ ಗುಂಯ್‌ಗುಡುತ್ತಿತ್ತು. ಮೈಕಿನ ತಂತಿಯನ್ನೂ ಟ್ರಾನ್ಸ್‌ಫಾರ್ಮರನ್ನೂ ಶಂಕಿಸುತ್ತ ಎರಡು ಸಂಜೆಗಳನ್ನು ಕಳೆದೆವು. ಕೊನೆಗೆ ನೋಡಿದರೆ, ದೋಷವಿದ್ದುದು ನಾವು ಮುಟ್ಟದೆ ಬಿಟ್ಟಿದ್ದ ನಾಲ್ಕನೆಯ ವರ್ಧಕದಲ್ಲಿ!

ಇದಕ್ಕೆ ಕಾರಣವೇನು? ಆಪ್-ಆಂಪಿಗೆ ಧನ ಮತ್ತು ಋಣ ಚಿಹ್ನೆಗಳ ಎರಡು ಒಳತುದಿಗಳೂ ಒಂದು ಹೊರತುದಿಯೂ ಇರುತ್ತವೆ. ಒಳತುದಿಗಳ ವಿಭವಗಳ ಅಂತರವನ್ನು ಅದು ಹಿಗ್ಗಿಸುತ್ತದೆ. ಟಿಎಲ್ 074ರಲ್ಲಿ ಸಾಮಾನ್ಯವಾಗಿ ಸುಮಾರು 2,00,000 ಪಟ್ಟು. ನಾಲ್ಕೂ ವರ್ಧಕಗಳಿಗೆ ವಿದ್ಯುತ್ತು ಒದಗುವುದು ಒಂದೇ ಜೊತೆ ಕಾಲುಗಳಿಂದ. ಆದುದರಿಂದ ಒಂದನ್ನು ಮಾತ್ರ ಆರಿಸಿಡಲು ಬರುವುದಿಲ್ಲ. ಎಲ್ಲಿಯೂ ಸೇರದ ಒಳತುದಿಯು ಏರಿಯಲ್ಲಿನಂತೆ ವರ್ತಿಸಿ, ಮನೆಯ ವಿದ್ಯುತ್ತಿನ 50 ಆವರ್ತಗಳ ಕಂಪನವನ್ನು ಹಿಡಿಯುತ್ತದೆ. ಆಗ ಹೊರತುದಿಯು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಜೀಕಾಡುವುದು. ಈ ಗದ್ದಲವು ಸಮಾನ ವಿದ್ಯುತ್ ಪೂರೈಕೆಯ ಮೂಲಕವೂ ಚಿಪ್ಪಿನೊಳಗಿನ ಸಾಮೀಪ್ಯದಿಂದಲೂ ನೆರೆಯ ವರ್ಧಕಗಳಿಗೆ ತಗಲುತ್ತದೆ. ಕೆಲಸವಿಲ್ಲದ ಬಡಗಿ ಏನು ಮಾಡಿದನೆಂಬ ಗಾದೆಯನ್ನು ವಾಚಕರು ಬಲ್ಲರಷ್ಟೆ!

ಹಾಗಾದರೆ ಎರಡು ಒಳತುದಿಗಳನ್ನೂ ಭೂಮಿಗೆ ಸೇರಿಸಿದರೆ ಸಾಲದೆ? ಸಾಲದು. ಯಾವ ವರ್ಧಕದ ಎರಡು ಪಕ್ಕಗಳೂ ಸರಿಸಮವಾಗಿರುವುದಿಲ್ಲ. ಅವುಗಳಲ್ಲಿ 3 ಮಿಲಿವೋಲ್ಟಿನ ವ್ಯತ್ಯಾಸವಿದೆಯೆನ್ನೋಣ. ಅದನ್ನು 2,00,000ದಿಂದ ಗುಣಿಸಿದರೆ 600 ವೋಲ್ಟ್ ಬರುತ್ತದೆ! ಪೂರೈಕೆಯೇ 15 ವೋಲ್ಟ್ ಇರುವಾಗ ಅಷ್ಟು ಬರುವುದು ಅಸಾಧ್ಯ. ಹೊರತುದಿಯು ಒಂದು ಕೊನೆಗೆ ಹೋಗಿ ಅಂಟಿಕೊಳ್ಳುವುದು. ಇನ್ನು ಹೊರತುದಿಯನ್ನೇ ಭೂಮಿಗೆ ಸೇರಿಸುವುದು ಅದಕ್ಕಿಂತಲೂ ಕೆಟ್ಟದ್ದು. ಅಂಟಿಕೊಂಡ ವರ್ಧಕವು ಆಗ ವೃಥಾ ಪ್ರವಾಹವನ್ನು ಸುರಿಸಿ ಚಿಪ್ಪನ್ನು ಬಿಸಿಮಾಡುತ್ತದೆ.

ಸರಿಯಾದ ವಿಧಾನವು ಬಹು ಸರಳವಾದುದು. ಹೊರತುದಿಯನ್ನು ಋಣ ಒಳತುದಿಗೆ ತಂತಿಯಿಂದ ಜೋಡಿಸಬೇಕು. ಧನ ಒಳತುದಿಯನ್ನು ಪೂರೈಕೆಯ ಮಧ್ಯವಿಭವಕ್ಕೆ ಸೇರಿಸಬೇಕು. ಧನ 15, ಋಣ 15 ವೋಲ್ಟುಗಳ ಪೂರೈಕೆಯಲ್ಲಿ ಈ ಮಧ್ಯವೇ ಭೂಮಿ. ಈಗ ಹೊರತುದಿಯು ಕೊಂಚ ಮೇಲೇರಿದರೆ ಋಣ ಒಳತುದಿಯೂ ಏರಿ ಅದನ್ನು ಕೆಳಕ್ಕೆಳೆಯುತ್ತದೆ, ಇಳಿದರೆ ಮೇಲೆತ್ತುತ್ತದೆ. ವರ್ಧನೆ ಒಂದಕ್ಕೆ ಇಳಿಯುವುದರಿಂದ 3 ಮಿಲಿವೋಲ್ಟಿನ ದೋಷವು 3 ಮಿಲಿವೋಲ್ಟಾಗಿಯೇ ಉಳಿಯುವುದು. ವರ್ಧಕವು ಶಾಂತವಾಗುವುದು.

ಒಂದೇ 9 ವೋಲ್ಟ್ ಬ್ಯಾಟರಿಯಿದ್ದರೆ ಎರಡು ಸಮ ರೋಧಕಗಳಿಂದ 4.5 ವೋಲ್ಟನ್ನು ಪಡೆದು, ಅದಕ್ಕೆ ಧನ ಒಳತುದಿಯನ್ನು ಸೇರಿಸತಕ್ಕದ್ದು. ಬ್ಯಾಟರಿಯ ಋಣ ಕೊನೆಗೆ ಸೇರಿಸಲಾಗದು. ಟಿಎಲ್ 074ರ ಒಳತುದಿಗಳು ಅಷ್ಟು ಕೆಳಗಿನ ವಿಭವದಲ್ಲಿ ಸರಿಯಾಗಿ ಕೆಲಸಮಾಡಲಾರವು. ಇನ್ನೊಂದು ಎಚ್ಚರಿಕೆ: ಕೆಲವು ಜಾತಿಯ ಆಪ್-ಆಂಪುಗಳು ಒಂದರ ವರ್ಧನೆಯಲ್ಲಿ ಸ್ಥಿರವಾಗಿರದೆ ತಾವೇ ಕಂಪಿಸತೊಡಗುತ್ತವೆ. ತಯಾರಕರ ವಿವರಣಪತ್ರವನ್ನು ಮೊದಲು ನೋಡುವುದು ಲೇಸು.

ಎಲ್ಲಕ್ಕಿಂತ ಉತ್ತಮವಾದುದು ಆ ವರ್ಧಕಕ್ಕೆ ಉದ್ಯೋಗವನ್ನು ಕೊಡುವುದು. ಮೇಲೆ ಹೇಳಿದ 4.5 ವೋಲ್ಟಿನ ಬಿಂದುವಿನಿಂದ ನೇರವಾಗಿ ಪ್ರವಾಹವನ್ನು ಸೆಳೆದರೆ ವಿಭವವು ಕುಸಿಯುತ್ತದೆ. ನಡುವೆ ನಮ್ಮ ನಾಲ್ಕನೆಯ ವರ್ಧಕವನ್ನು ಇದೇ ಜೋಡಣೆಯಲ್ಲಿ ನಿಲ್ಲಿಸಿ ಅದರ ಹೊರತುದಿಯಿಂದ ಸೆಳೆದರೆ ಮಧ್ಯವಿಭವವು ಅಲುಗುವುದಿಲ್ಲ. ಆದರೆ ಸುಮ್ಮನಿರಬಾರದೆಂದು ಸಂಕೇತದ ದಾರಿಯಲ್ಲಿ ಅದನ್ನು ತೂರಿಸಬಾರದು. ಪ್ರತಿಯೊಂದು ವರ್ಧಕವೂ ತನ್ನ ಪಾಲಿನ ಸದ್ದನ್ನು ಸೇರಿಸಿಯೇ ತೀರುತ್ತದೆ.

ನಮ್ಮ ಪ್ರಯೋಗಶಾಲೆಯ ಗುಂಯ್‌ಕಾರವು ನಿಂತುದು ಎರಡು ತುಂಡು ತಂತಿಗಳಿಂದ. ಮಂಡಲದ ನಕ್ಷೆಯನ್ನು ಬರೆಯುವಾಗ ಉಪಯೋಗಿಸುವ ಭಾಗಗಳಂತೆಯೇ ಉಪಯೋಗಿಸದ ಭಾಗಗಳನ್ನೂ ಬರೆದುಕೊಳ್ಳುವ ಅಭ್ಯಾಸವನ್ನು ಅಂದಿನಿಂದ ನಾವು ಬಿಟ್ಟಿಲ್ಲ.