ಸೋಪಿಗೆ ಹೋಗದ ವಾಸನೆ

ವಿಯೆನ್ನಾದ ಜನರಲ್ ಆಸ್ಪತ್ರೆಯಲ್ಲಿ 1840ರ ದಶಕದಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು, ಎರಡನೆಯದರಲ್ಲಿ ಸೂಲಗಿತ್ತಿಯರು. ಬಂದ ಬಸುರಿಯರನ್ನು ಒಂದು ದಿನ ಇಲ್ಲಿಗೆ, ಮರುದಿನ ಅಲ್ಲಿಗೆ ಸೇರಿಸಿಕೊಳ್ಳುವ ಪದ್ಧತಿ. 1846ರಲ್ಲಿ ವಿದ್ಯಾರ್ಥಿಗಳ ವಿಭಾಗದಲ್ಲಿ ನೂರಕ್ಕೆ 11ಕ್ಕೂ ಹೆಚ್ಚು ತಾಯಂದಿರು ತೀರಿಕೊಂಡರು, ಬಹುಪಾಲು ಬಾಣಂತಿ ಜ್ವರದಿಂದ. ಸೂಲಗಿತ್ತಿಯರ ಕಡೆ ನೂರಕ್ಕೆ ಮೂವರೂ ಇಲ್ಲ. ಊರಿಗೆಲ್ಲ ಇದು ಗೊತ್ತಿತ್ತು. ಮೊದಲ ವಿಭಾಗಕ್ಕೆ ಮಾತ್ರ ಹಾಕಬೇಡಿ ಎಂದು ಹೆಂಗಸರು ಮೊಣಕಾಲೂರಿ ಅಂಗಲಾಚುತ್ತಿದ್ದರು. ದಾರಿಯಲ್ಲೇ ಹೆತ್ತು ಬಂದವರಿಗೆ ಜ್ವರ ಬರುವುದು ಅಪರೂಪ. ಅಂದರೆ ಬೀದಿಗಿಂತ ಆಸ್ಪತ್ರೆಯೇ ಅಪಾಯ!

ಆ ವರ್ಷ ಮೊದಲ ವಿಭಾಗದ ಸಹಾಯಕ ವೈದ್ಯನಾದ ಹಂಗೇರಿಯ ಇಗ್ನಾಜ್ ಸೆಮ್ಮೆಲ್‌ವೈಸ್‌ಗೆ ಈ ಲೆಕ್ಕ ನಿದ್ದೆಗೆಡಿಸಿತು. ಗಾಳಿ ಕೆಟ್ಟಿದೆ ಎನ್ನೋಣವೆಂದರೆ ಎರಡೂ ಕಡೆ ಅದೇ ಗಾಳಿ. ನೂಕುನುಗ್ಗಲು ಎನ್ನೋಣವೆಂದರೆ ಅದು ಸೂಲಗಿತ್ತಿಯರ ಕಡೆಯೇ ಹೆಚ್ಚು. ಸಾಯುವವರ ಬಳಿಗೆ ಹೋಗುವ ಪಾದ್ರಿಯ ಗಂಟೆ ಕೇಳಿ ಬಾಣಂತಿಯರು ಹೆದರುತ್ತಾರೇನೋ ಎಂದು ಗಂಟೆಯನ್ನೂ ನಿಲ್ಲಿಸಿ ನೋಡಿದ. ಸಾವು ನಿಲ್ಲಲಿಲ್ಲ.

1847ರ ಮಾರ್ಚ್‌ನಲ್ಲಿ ವೆನಿಸ್ ಪ್ರವಾಸ ಮುಗಿಸಿ ಬಂದಾಗ ಗೆಳೆಯ ಯಾಕೋಬ್ ಕೊಲ್ಲೆಚ್ಕಾ ತೀರಿಕೊಂಡ ಸುದ್ದಿ ಕಾದಿತ್ತು. ಶವ ಕೊಯ್ಯುವಾಗ ವಿದ್ಯಾರ್ಥಿಯ ಚಾಕು ಅವನ ಬೆರಳಿಗೆ ತಾಗಿತ್ತು, ಅಷ್ಟೇ. ಅವನ ಮರಣೋತ್ತರ ಪರೀಕ್ಷೆಯ ವರದಿ ಓದುತ್ತಾ ಸೆಮ್ಮೆಲ್‌ವೈಸ್ ಬೆಚ್ಚಿದ: ಜ್ವರದಿಂದ ಸತ್ತ ಬಾಣಂತಿಯರ ಒಡಲಲ್ಲಿ ಕಂಡದ್ದೇ ಇಲ್ಲೂ ಇತ್ತು. ವೈದ್ಯರು, ವಿದ್ಯಾರ್ಥಿಗಳು ಬೆಳಿಗ್ಗೆ ಶವಾಗಾರದಲ್ಲಿದ್ದು ಅಲ್ಲಿಂದ ನೇರ ಹೆರಿಗೆ ಕೋಣೆಗೆ ಬರುತ್ತಿದ್ದರು. ಸೂಲಗಿತ್ತಿಯರಿಗೆ ಹೆಣ ಕೊಯ್ಯುವ ಪಾಠವಿರಲಿಲ್ಲ. ಸೆಮ್ಮೆಲ್‌ವೈಸ್‌ಗೋ ಆ ಕೆಲಸದಲ್ಲಿ ಎಲ್ಲರಿಗಿಂತ ಶ್ರದ್ಧೆ. ಕಾರಣ ಹುಡುಕುತ್ತಲೇ ಅದನ್ನು ತನ್ನ ಕೈಯಲ್ಲಿ ಹೊತ್ತು ತಿರುಗಿದ್ದ.

ಕೈ ತೊಳೆಯುತ್ತಿರಲಿಲ್ಲವೆಂದಲ್ಲ. ಸೋಪು ಹಾಕಿ ತೊಳೆದರೂ ಹೆಣದ ವಾಸನೆ ಉಳಿಯುತ್ತಿತ್ತು. ವಾಸನೆ ಉಳಿದರೆ ಅದರ ಕಣವೂ ಉಳಿದಿರಬೇಕೆಂದು ಅವನ ತರ್ಕ. ಹಾಗಾಗಿ ಮೇ ತಿಂಗಳಲ್ಲಿ ಕ್ಲೋರಿನ್ ನೀರಿನ ಬೋಗುಣಿ ಇರಿಸಿದ; ದುಬಾರಿಯೆನಿಸಿದ ಮೇಲೆ ನಮ್ಮ ಬಾವಿಗಳಿಗೆ ಹಾಕುವ ಬ್ಲೀಚಿಂಗ್ ಪೌಡರ್ ಬಂತು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ ಎರಡರ ಆಸುಪಾಸಿಗೆ ಇಳಿಯಿತು. 1848ರ ಮಾರ್ಚ್‌ನಲ್ಲಿ ಒಂದೂ ಇಲ್ಲ.

ನಡುವೆ ಒಂದು ಏಟು ಬಿತ್ತು. 1847ರ ಅಕ್ಟೋಬರ್‌ನಲ್ಲಿ ಗರ್ಭಕೋಶದ ಕ್ಯಾನ್ಸರ್ ಸೋರುತ್ತಿದ್ದ ಹೆಂಗಸೊಬ್ಬಳನ್ನು ಮುಟ್ಟಿ, ಬರೀ ಸೋಪಿನಲ್ಲಿ ಕೈ ತೊಳೆದು, ಅದೇ ಸಾಲಿನ ಉಳಿದವರನ್ನು ಪರೀಕ್ಷಿಸಿದರು. ಜೊತೆಗೆ ಹೆತ್ತ 12 ಮಂದಿಯಲ್ಲಿ 11 ಮಂದಿ ಸತ್ತರು. ಹೆಣವೇ ಬೇಕಿಲ್ಲ, ಬದುಕಿರುವ ರೋಗಿಯಿಂದಲೂ ಅಂಟುತ್ತದೆ. ಅಲ್ಲಿಂದ ಒಬ್ಬ ರೋಗಿಗೂ ಇನ್ನೊಬ್ಬರಿಗೂ ನಡುವೆ ಕೈ ತೊಳೆಯುವ ನಿಯಮ ಬಂತು. ಶವಾಗಾರದ ಕತೆಗಿಂತ ಇದೇ ದೊಡ್ಡ ಕಾಣ್ಕೆ ಎಂದು ನನಗನಿಸುತ್ತದೆ, ಹೇಳುವವರು ಕಡಿಮೆ.

ತಮ್ಮ ಕೈಯೇ ಕೊಲ್ಲುತ್ತಿದೆ ಎಂದರೆ ಯಾವ ವೈದ್ಯನಿಗೆ ಹಿತ? 1849ರಲ್ಲಿ ಅವನ ಹುದ್ದೆ ನವೀಕರಣವಾಗಲಿಲ್ಲ. ಅವನೂ ಪುಸ್ತಕ ಬರೆಯಲು 1861ರವರೆಗೆ ಕಾಯಿಸಿ, ಒಪ್ಪದವರನ್ನು ಬಹಿರಂಗ ಪತ್ರಗಳಲ್ಲಿ ಕೊಲೆಗಾರರೆಂದು ಜರೆದ. 1865ರಲ್ಲಿ ಮನೋರೋಗಿಗಳ ಆಸ್ಪತ್ರೆಯಲ್ಲಿ, 47ನೇ ವಯಸ್ಸಿನಲ್ಲಿ, ಗಾಯದ ನಂಜೇರಿ ಸತ್ತ. ಕೈಗಂಟುವುದೇನೆಂದು ಕಣ್ಣಿಗೆ ಕಾಣಿಸಿದವನು ಲೂಯಿ ಪಾಶ್ಚರ್: 1879ರಲ್ಲಿ ಪ್ಯಾರಿಸ್‌ನ ವೈದ್ಯಕೀಯ ಅಕಾಡೆಮಿಯಲ್ಲಿ ಬಾಣಂತಿ ಜ್ವರದ ಬಗ್ಗೆ ಮಾತಾಡುತ್ತಿದ್ದವರನ್ನು ಅರ್ಧಕ್ಕೇ ತಡೆದು, ಮಣಿಸರದಂತಿರುವ ಸೂಕ್ಷ್ಮಜೀವಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ.