ಅಕ್ಷರಕ್ಕೂ ಮೊದಲು ಪುಸ್ತಕ

ನೋಯ್ಡಾದಲ್ಲಿ ಮಗಳು ಹೋಗುವ ಪ್ರಿಸ್ಕೂಲಿನವರು ಒಂದು ಶನಿವಾರ ಪೋಷಕರನ್ನೂ ತರಗತಿಗೆ ಕರೆದಿದ್ದರು. ನಾಲ್ಕು ವರ್ಷದ ಇಪ್ಪತ್ತು ಮಕ್ಕಳು ಚಾಪೆಯ ಮೇಲೆ ಕೂತಿದ್ದರು. ಎದುರಿಗೆ ದಪ್ಪ ಅಕ್ಷರಗಳ, ಮೊಳದುದ್ದದ ಹಿಂದಿ ಕಥೆಪುಸ್ತಕ. ಮೇಡಂ ಮೊದಲು ಮುಖಪುಟ ತೋರಿಸಿ, ಒಳಗೆ ಏನಿರಬಹುದು ಎಂದು ಕೇಳಿದರು. ಆಮೇಲೆ ಪ್ರತಿ ಪದದ ಕೆಳಗೂ ಬೆರಳಾಡಿಸುತ್ತ ಓದಿದರು. ‘ಬಿಲ್ಲಿ ಕಹಾಂ ಹೈ?’ ಎಂಬ ಸಾಲು ಪುಟಪುಟಕ್ಕೂ ಬರುತ್ತಿತ್ತು. ಮೂರನೇ ಪುಟದ ಹೊತ್ತಿಗೆ ಇಡೀ ಕ್ಲಾಸು ಅದನ್ನು ಒಟ್ಟಿಗೆ ಕೂಗುತ್ತಿತ್ತು. ಹಿಂದಿಯ ಒಂದಕ್ಷರವೂ ಗೊತ್ತಿರದ ನನ್ನ ಮಗಳು ಎದ್ದು ಹೋಗಿ ‘ಬಿಲ್ಲಿ’ ಪದದ ಮೇಲೆ ಸರಿಯಾಗಿ ಬೆರಳಿಟ್ಟಳು.

ನನಗೆ ಒಳಗೊಳಗೇ ನಾಚಿಕೆಯಾಯಿತು. ಮನೆಯಲ್ಲಿ ಪ್ರತಿ ಭಾನುವಾರ ಅವಳಿಂದ ಅ, ಆ, ಇ, ಈ ತಿದ್ದಿಸುತ್ತಿದ್ದೆ. ಅಕ್ಷರವೆಲ್ಲ ಬಂದಮೇಲೆ ಕಥೆಪುಸ್ತಕ ಎನ್ನುವುದು ನನ್ನ ಲೆಕ್ಕ. ಅವಳೋ ಸ್ಲೇಟು ಕಂಡರೆ ಸಾಕು, ‘ಕನ್ನಡ ಬೇಡ ಅಪ್ಪ’ ಎಂದು ಅಳುತ್ತಿದ್ದಳು.

ಮೇಡಂ ಮಾಡಿದ್ದಕ್ಕೆ ಷೇರ್ಡ್ ರೀಡಿಂಗ್ ಎನ್ನುತ್ತಾರೆ, ಅಂದರೆ ಕೂಡಿ ಓದುವುದು. ಮಲಗುವ ಮುನ್ನ ಅಪ್ಪ ಅಮ್ಮ ತೊಡೆಯ ಮೇಲೆ ಕೂರಿಸಿಕೊಂಡು ಓದಿದರೆ ಮಗುವಿಗೆ ಸಿಗುವ ಅನುಭವ ಇಡೀ ತರಗತಿಗೆ ಸಿಗಲಿ ಎಂದು ನ್ಯೂಜಿಲೆಂಡಿನ ಡಾನ್ ಹೋಲ್ಡವೇ 1970ರ ದಶಕದಲ್ಲಿ ಈ ದೊಡ್ಡ ಪುಸ್ತಕದ ಪದ್ಧತಿಯನ್ನು ಬೆಳೆಸಿದರು. ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ 2022ರಲ್ಲಿ ಬಂದ ನಮ್ಮ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲೂ ಇದಕ್ಕೆ ಜಾಗವಿದೆ. ಬರಹ ಎಡದಿಂದ ಬಲಕ್ಕೆ ಹೋಗುತ್ತದೆ, ಆಡಿದ ಮಾತೇ ಕಾಗದದ ಮೇಲಿದೆ ಎಂಬುದು ಮಗುವಿಗೆ ಪಾಠವಿಲ್ಲದೆಯೇ ತಿಳಿಯುತ್ತದೆ.

ಕನ್ನಡಕ್ಕೆ ಇದು ಇನ್ನೂ ಹೆಚ್ಚು ಬೇಕು. ಇಂಗ್ಲಿಷಿಗೆ 26 ಅಕ್ಷರ. ನಮ್ಮ ವರ್ಣಮಾಲೆಯಲ್ಲಿ 49. ಕಾಗುಣಿತ ಸೇರಿದರೆ ನಾನೂರು ದಾಟುತ್ತದೆ, ಒತ್ತಕ್ಷರ ಬೇರೆ. ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕನ್ನಡ ಮಾಧ್ಯಮದ ಮಕ್ಕಳೇ ನಾಲ್ಕನೇ ತರಗತಿಯಲ್ಲೂ ಅಕ್ಷರ ಕಲಿಯುತ್ತಲೇ ಇರುತ್ತಾರೆ. ಹಾಗಿದ್ದಮೇಲೆ ಅಕ್ಷರ ಮುಗಿಯಲಿ ಎಂದು ಕಾದರೆ ನಮ್ಮ ಹೊರನಾಡ ಮಕ್ಕಳ ಕೈಗೆ ಕನ್ನಡ ಪುಸ್ತಕ ಬರುವುದು ಯಾವಾಗ?

ಮೇಡಂ ಹತ್ತಿರ ಇದನ್ನೇ ಹೇಳಿಕೊಂಡೆ. ‘ನೀವೇ ಬಂದು ಕನ್ನಡದಲ್ಲಿ ಓದಿ’ ಎಂದರು. ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ. ಒಂದೇ ಸಾಲು ಮತ್ತೆ ಮತ್ತೆ ಬರುವ ಕಥೆಯೊಂದನ್ನು ಆರಿಸಿ, ದೊಡ್ಡದಾಗಿ ಪ್ರಿಂಟ್ ತೆಗೆಸಿ ಒಯ್ದೆ. ನನ್ನ ಕೈ ನಡುಗುತ್ತಿತ್ತು. ಆದರೆ ಪಂಜಾಬಿ, ಬಂಗಾಳಿ ಮಕ್ಕಳು ನಾಲ್ಕೇ ಪುಟಕ್ಕೆ ಆ ಸಾಲನ್ನು ಕನ್ನಡದಲ್ಲೇ ಕೂಗಿದರು. ಮಗಳು ಪಕ್ಕದಲ್ಲಿ ನಿಂತು ಎಲ್ಲರಿಗೂ ಹಿಂದಿಯಲ್ಲಿ ಅರ್ಥ ಹೇಳಿದಳು. ತರಗತಿಯಲ್ಲಿ ಅವಳ ಮನೆಮಾತಿಗೆ ಅಂದು ಮೊದಲ ಸಲ ಬೆಲೆ ಬಂದಿತ್ತು.

ಈಗ ಭಾನುವಾರ ಸ್ಲೇಟಿಲ್ಲ. ಒಂದೇ ಕಥೆಯನ್ನು ವಾರವಿಡೀ ಓದುತ್ತೇವೆ. ಮೊದಲು ಕಥೆ, ಮರುದಿನ ಅವಳೂ ದನಿಗೂಡಿಸುತ್ತಾಳೆ, ಕೊನೆಗೆ ಅಕ್ಷರ ಹುಡುಕುವ ಆಟ. ಬರುವ ಅಕ್ಷರ ಇನ್ನೂ ಹನ್ನೊಂದೇ. ಆದರೆ ಪುಸ್ತಕ ಹಿಡಿದು ಬರುವವಳು ಅವಳೇ.

ನಿಮ್ಮ ಮಗುವಿನ ಪ್ರಿಸ್ಕೂಲಿನಲ್ಲೂ ತಿಂಗಳಿಗೆ ಇಪ್ಪತ್ತು ನಿಮಿಷ ಕೇಳಿ ನೋಡಿ.